ಆಕೆಯ ಬಾಯಲ್ಲಿ ನನ್ನ ದನಿ

"ಇದರಾಗಿಂದ ನನ್ನ ತಗದಬಿಡ್ರಿ" ಎಂದು ಆಕೆ ಅಂದಾಗ ನಾನು ಚಹದ ಲೋಟಗಳ ತಟ್ಟೆ ಹಿಡಿದು ಮಾಸೂರಿನ ಸಮುದಾಯ ಭವನದ ಬಾಗಿಲಲ್ಲಿ ನಿಂತಿದ್ದೆ. ಭಾನುವಾರದ ಮಧ್ಯಾಹ್ನ. ಒಳಗೆ ನಲವತ್ತು ಐವತ್ತು ಜನ ನಮ್ಮ ಹೊಸ ಚಿತ್ರವನ್ನು ನೋಡಿ ಮುಗಿಸಿ, ಕಿಟಕಿಗೆ ಕಟ್ಟಿದ್ದ ತಾಡಪತ್ರಿ ಬಿಚ್ಚಿದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಹಿರಿಯರೊಬ್ಬರು "ಭಾಳ ಚಲೋ ಆಗೇತ್ರಿ" ಎಂದು ಇನ್ನೂ ಹೇಳುತ್ತಿದ್ದರು. ಅಷ್ಟರಲ್ಲಿ ಆಕೆ, ಆ ಚಿತ್ರದ ತುಂಬ ಇರುವ ಹೆಣ್ಣುಮಗಳು, ಮೂಲೆಯಿಂದ ಎದ್ದು ಇದೊಂದೇ ಮಾತು ಹೇಳಿ, ನನ್ನ ಪಕ್ಕದಿಂದಲೇ ದಾಟಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಶಿಗ್ಗಾಂವದ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕನ್ನಡ ಕಲಿತವರನ್ನು ಯಾರನ್ನು ಬೇಕಾದರೂ ಕೇಳಿ. ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲೆ ಕುಕ್ಕಿದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಬಂದ ಮೊದಲ ಮಾತು, ಏನು ಸೊಕ್ಕು ಈಕೆಗೆ! ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಬರೆದದ್ದಕ್ಕೆ ಅರ್ಥವಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಸಿಟ್ಟಿಗೆ ಕಾರಣವೂ ಇತ್ತು. ಶುಕ್ರವಾರ ಬೆಂಗಳೂರಿನಲ್ಲಿ ಸೆನ್ಸಾರಿನವರು ನಮ್ಮ ಚಿತ್ರ ನೋಡುವವರಿದ್ದರು. ಗುರುವಾರ ಸಂಜೆ ಶಿಗ್ಗಾಂವದಿಂದ ಹೊರಡುವ ಬಸ್ಸಿಗೆ ನನ್ನ ತಮ್ಮ ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋಗಬೇಕು. ಪ್ರಮಾಣಪತ್ರ ಬಂದ ಮೇಲೆ ಒಂದು ಮಾತು ಬದಲಿಸಬೇಕೆಂದರೂ ಮತ್ತೆ ಅಲ್ಲಿಗೇ ಓಡಬೇಕು. ಶಿಗ್ಗಾಂವದ ಟಾಕೀಜಿನ ಮಾಲೀಕರು ಎರಡು ದೊಡ್ಡ ನಟರ ಚಿತ್ರಗಳ ನಡುವೆ ಒಂದು ವಾರ ನಮಗೆ ಬಿಟ್ಟುಕೊಟ್ಟಿದ್ದರು. ಅದು ತಪ್ಪಿದರೆ ದೀಪಾವಳಿಯವರೆಗೆ ತಮ್ಮನ್ನು ಕೇಳಬೇಡಿ ಎಂದೂ ಹೇಳಿದ್ದರು. ಇಷ್ಟರ ನಡುವೆ ಆಕೆಯನ್ನು ತೆಗೆಯುವುದೆಂದರೇನು? ಆಕೆಯನ್ನು ತೆಗೆದರೆ ಉಳಿಯುವುದು ಮದಗದ ಕೆರೆ, ಭತ್ತದ ಗದ್ದೆ, ನಾಲ್ಕು ಕೊಕ್ಕರೆ.

ನಮ್ಮ ಕಂಪನಿಯ ಬೋರ್ಡ್ ಇರುವುದು ಹಾನಗಲ್ಲಿನ ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳಿಗೆ. ಕಂಪನಿ ಅಂದರೆ ಮೂರು ಜನ. ಕಥೆ ಬರೆದು ನಿರ್ದೇಶನ ಮಾಡುವ ನಾನು, ಮದುವೆ ವಿಡಿಯೊ ಮಾಡುವ ನನ್ನ ತಮ್ಮ, ಸವಣೂರಿನಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದ ಅವನ ಗೆಳೆಯ. ಒಬ್ಬ ಕ್ಯಾಮೆರಾದವನು, ಒಬ್ಬ ಮೈಕಿನವನು. ಮದುವೆಗಳಲ್ಲಿ ಕೊನೆಯ ಪಂಕ್ತಿಯಲ್ಲಿ ಒಟ್ಟಿಗೆ ಊಟಕ್ಕೆ ಕೂತು ಕೂತೇ ಅವರು ಗೆಳೆಯರಾದದ್ದು. ಸಿನಿಮಾದಲ್ಲಿ ನಮ್ಮ ಕಡೆಯ ಮಾತು ಬರುವುದು ಕುಡುಕನ ಬಾಯಲ್ಲಿ, ಇಲ್ಲವೇ ಮನೆಯಾಳಿನ ಬಾಯಲ್ಲಿ ಎಂಬ ಸಿಟ್ಟು ಮೂವರಿಗೂ ಇತ್ತು. "ನಮ್ಮ ಮಾತು ಬಂದ್ರ ಸಾಕು ಅಕ್ಕಾರ, ಮಂದಿ ಹಲ್ಲು ಕಿಸ್ಯಾಕ ಚಾಲೂ ಮಾಡ್ತಾರ" ಎಂದು ಸವಣೂರಿನವನು ಹೇಳುತ್ತಿದ್ದ. ಆ ಸಿಟ್ಟಿಗೇ ಮೊದಲ ಚಿತ್ರ ಹುಟ್ಟಿತು.

ಚಿತ್ರ ಮಾಡುವುದು ಆಷಾಢದಲ್ಲಿ. ಆಗ ಮದುವೆ ಇರುವುದಿಲ್ಲ, ಕ್ಯಾಮೆರಾ ಮೈಕು ಎರಡೂ ಖಾಲಿ. ಮಾಡಿದ್ದನ್ನು ತೋರಿಸುವುದು ಮುಂದಿನ ಆಷಾಢದಲ್ಲಿ, ಏಕೆಂದರೆ ಆಗ ಕಲ್ಯಾಣ ಮಂಟಪಗಳೂ ಖಾಲಿ. ಮೊದಲ ಚಿತ್ರವನ್ನು ಯಾವ ವಿತರಕರೂ ಮೂಸಿ ನೋಡಲಿಲ್ಲ, ಆದ್ದರಿಂದ ನಾವೇ ವಿತರಕರಾದೆವು. ಸವಣೂರಿನ ದರ್ಜಿಯೊಬ್ಬರು ಬಿಳಿ ಬಟ್ಟೆಯ ಪರದೆ ಹೊಲಿದುಕೊಟ್ಟರು. ಮೈಕ್ ಸೆಟ್ಟಿನ ಟೆಂಪೊದಲ್ಲಿ ಪರದೆ, ಪ್ರೊಜೆಕ್ಟರ್, ಸೌಂಡ್ ಬಾಕ್ಸ್ ಹೇರಿಕೊಂಡು ಊರೂರು ತಿರುಗಿದೆವು. ಹಿರೇಕೆರೂರಿನ ಕಾಲೇಜಿನಲ್ಲಿ ಅರ್ಧಕ್ಕೇ ಕರೆಂಟ್ ಹೋದಾಗ ಜನ ಎದ್ದು ಹೋಗದೆ, ಮುಂದೆ ಏನಾಗಬೇಕೆಂದು ತಮ್ಮತಮ್ಮಲ್ಲೇ ಜಗಳವಾಡುತ್ತ ಒಂದು ತಾಸು ಕೂತಿದ್ದರು. ಅವತ್ತು ನಾನು ಟೆಂಪೊದ ಹಿಂದೆ ನಿಂತು ಅತ್ತುಬಿಟ್ಟೆ, ಖುಷಿಗೆ. ಹೀಗೆ ನಾಲ್ಕು ಚಿತ್ರ. ಟಾಕೀಜು ಸಿಕ್ಕಿದ್ದು ಐದನೆಯದಕ್ಕೆ, ಇದೇ ಮೊದಲ ಸಲ.

ನಮ್ಮಲ್ಲಿ ಒಂದು ನಿಯಮವಿದೆ. ಅದು ಬಂದದ್ದು ತಮ್ಮನ ಮದುವೆ ವಿಡಿಯೊಗಳಿಂದ. ಕ್ಯಾಸೆಟ್ಟಿನ ಕಾಲದಿಂದಲೂ ವಿಡಿಯೊ ತಯಾರಾದ ಮೇಲೆ ಬೀಗರೆಲ್ಲ ಅವನ ಅಂಗಡಿಗೆ ಬಂದು ಕೂತು ನೋಡುತ್ತಾರೆ. "ಈ ಕಾಕಾನ್ನ ತಗೀರಿ, ಅವರಿಗೂ ನಮಗೂ ಈಗ ಮಾತಿಲ್ಲ" ಎನ್ನುತ್ತಾರೆ. "ಅವ್ವ ಅಳೂದು ಬ್ಯಾಡ", "ನಮ್ಮ ಅಳಿಯಾ ಎರಡನೇ ಸಲ ಹೋಳಗಿ ಹಾಕಿಸ್ಕೊಳ್ಳೂದನ್ನ ಕತ್ತರಿಸ್ರಿ" ಎನ್ನುತ್ತಾರೆ. ಅವನು ಒಂದಕ್ಕೂ ಎದುರಾಡದೆ ಕತ್ತರಿಸುತ್ತಾನೆ. ಅದನ್ನೇ ನಾನು ಕಂಪನಿಗೆ ತಂದೆ. ನಮ್ಮ ಚಿತ್ರದಲ್ಲಿ ಕಾಣಿಸುವವರು, ಕೇಳಿಸುವವರು ಯಾರೇ ಇರಲಿ, ಮೊದಲು ಅವರ ಊರಿನಲ್ಲಿ ಅವರಿಗೇ ತೋರಿಸಬೇಕು. ತೆಗೆಯಿರಿ ಎಂದರೆ ಕಾರಣ ಕೇಳದೆ ತೆಗೆಯಬೇಕು. ಎಲ್ಲಿ ಭಾಷಣಕ್ಕೆ ಕರೆದರೂ ಈ ನಿಯಮವನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ. ನಾಲ್ಕು ಚಿತ್ರಗಳಲ್ಲಿ ಒಬ್ಬರೂ ತೆಗೆಯಿರಿ ಅಂದಿಲ್ಲ ಎಂದು ಕೊನೆಗೆ ಸೇರಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಈಗ ಅಂದರು.

ಐದನೆಯ ಚಿತ್ರದ ಕಥೆ ಒಂದು ಸಾಲಿನದು. ಮೂರು ತಲೆಮಾರಿನಿಂದ ಒಂದೇ ಗೌಡರ ಮನೆಯ ಗದ್ದೆಗೆ ಹೋಗುತ್ತಿದ್ದ ಮನೆಯ ಹೆಣ್ಣುಮಗಳೊಬ್ಬಳು ಒಂದು ದಿನ ಆ ಮನೆಯ ಯಜಮಾನಿ ಗೌಡಶಾನಿಗೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳುತ್ತಾಳೆ. ಹೇಳಲು ಧೈರ್ಯ ಕೂಡಿಸಿಕೊಳ್ಳುವುದೇ ಇಡೀ ಚಿತ್ರ. ಅದರಲ್ಲಿ ಗೌಡಶಾನಿಯ ಮುಖ ಎಲ್ಲೂ ಕಾಣುವುದಿಲ್ಲ, ದನಿ ಕೇಳಿಸುವುದಿಲ್ಲ. ಒಂದು ಬಾಗಿಲು, ಒಂದು ಸೆರಗು, ಅಷ್ಟೇ. ಹಾಗಿರಬೇಕು ಎಂಬುದು ನನ್ನ ಹಟ. ಅದನ್ನು ನಾನು ಕಲೆ ಎಂದುಕೊಂಡಿದ್ದೆ.

ಆಕೆ ನಟಿಯಲ್ಲ. ಚಿತ್ರೀಕರಣದ ಹೊತ್ತಿಗೆ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿಗೆ ಹೋಗುತ್ತಿದ್ದಳು, ಈಗ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮನೆಯಲ್ಲಿ ಬುದ್ಧನ ಪಟ, ಅಂಬೇಡ್ಕರರ ಪಟ, ಪಿಯುಸಿ ಓದುವ ಮಗಳು. ಮಾತು ಕಡಿಮೆ. ಕ್ಯಾಮೆರಾ ಎದುರಿಗೆ ನಿಂತರೆ ಮಾತ್ರ ಆ ಮುಖದಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ.

ಭಾನುವಾರ ಫೋನ್ ಮಾಡಿದೆ, ಎತ್ತಲಿಲ್ಲ. ಸೋಮವಾರ ನಾಲ್ಕು ಸಲ ಮಾಡಿದೆ. ತಮ್ಮನಂತೂ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಾಡಿ ತಲೆ ಕೆಡಿಸಿಕೊಂಡಿದ್ದ. "ಅಕ್ಕ, ನಿಯಮ ಗಿಯಮ ಎಲ್ಲಾ ಬಾಜೂಕ ಇಡು. ಸಹಿ ಮಾಡಿ ಕೊಟ್ಟಾಳ ಆಕಿ. ಕಳಿಸಿಬಿಡೂನು" ಎಂದ. ನನ್ನ ಮನಸ್ಸೂ ಒಂದು ಗಳಿಗೆ ಅತ್ತ ವಾಲಿತು. ಸವಣೂರಿನವನು ಮಾತ್ರ ಕೇಬಲ್ ಸುತ್ತುತ್ತಲೇ "ಕಾರಣ ತಿಳಕೊಂಡು ಬರ್ರಿ ಅಕ್ಕಾರ, ಆಮ್ಯಾಲೆ ನೋಡೂನು" ಅಂದ. ಕಾರಣ ಕೇಳಬಾರದು ಎಂದು ನಿಯಮದಲ್ಲೇ ಇತ್ತು. ಆದರೂ ಮಂಗಳವಾರ ಹಿರೇಕೆರೂರು ಬಸ್ ಹತ್ತಿದೆ.

ಮಾಸೂರಿನ ಶಾಲೆ ಮುಟ್ಟಿದಾಗ ಮಕ್ಕಳ ಊಟ ಮುಗಿದಿತ್ತು. ಆಕೆ ಅಡುಗೆ ಕೋಣೆಯ ಹಿಂದೆ ದೊಡ್ಡ ಬೋಗುಣಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲಿಲ್ಲ. "ಕುಂದರ್ರಿ" ಎಂದು ಒಂದು ಮಣೆ ತೋರಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಿಟ್ಟು, ಮಣೆ ಎಳೆದುಕೊಂಡು ಕೂತೆ.

"ಏನ್ ತಪ್ಪಾತು ಹೇಳ್ರಿ" ಅಂದೆ.

"ಅದು ನನ್ನ ದನಿ ಅಲ್ಲ."

ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

"ಎಲ್ಲಾ ಕಡೆ ನನ್ನ ದನಿ ಐತಿ. ಬದುವಿನ ಮ್ಯಾಲೆ ನಿಂತು ಬರೂದಿಲ್ಲ ಅಂತ ಹೇಳೂ ಜಾಗಾದಾಗ ಅಷ್ಟ ಬ್ಯಾರೆ ದನಿ. ನೀವ ಮಾತಾಡೀರಿ ಅಲ್ರಿ?"

ಹೌದು ಎಂದೆ. ನಡೆದದ್ದು ಇಷ್ಟು. ಆ ದೃಶ್ಯ ತೆಗೆಯುವ ಸಂಜೆ ಪಕ್ಕದ ಗದ್ದೆಯಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ ಓಡುತ್ತಿತ್ತು. ಸವಣೂರಿನವನು ಕೈ ಎತ್ತಿ, ಎಂಜಿನ್ ನಿಲ್ಲಲಿ, ಇನ್ನೊಂದು ಸಲ ಎಂದ. ಬೆಳಕು ಇಳಿಯುತ್ತಿತ್ತು, ನಾನು ಬೇಡ ಎಂದೆ. ಆಮೇಲೆ ಕೂತು ಕೇಳಿದರೆ ಆಕೆಯ ಮಾತೆಲ್ಲ ಎಂಜಿನ್ನಿನ ಕೆಳಗೆ ಹೂತುಹೋಗಿತ್ತು. ಎರಡು ಮಾತಿಗಾಗಿ ಸುಗ್ಗಿಯ ದಿನದಲ್ಲಿ ಮಾಸೂರಿನಿಂದ ಯಾಕೆ ಕರೆಸುವುದು, ನಾನೇ ಹೇಳಿಬಿಡುತ್ತೇನೆ ಎಂದು ಮೈಕಿನ ಮುಂದೆ ನಿಂತೆ. ಚಿಕ್ಕಂದಿನಿಂದ ನನಗೆ ಬೇರೆಯವರ ದನಿ ಮಾಡುವ ಚಟ. ಹಿರೇಕೆರೂರಿನ ಹತ್ತಿರದ ನಮ್ಮ ತವರುಮನೆಯಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸರ ದನಿಯನ್ನು ನಾನು ಮಾಡಿ ತೋರಿಸಿದರೆ ಇಡೀ ಪಡಸಾಲೆ ಹೊಟ್ಟೆ ಹಿಡಿದು ನಗುತ್ತಿತ್ತು. ಆಕೆಯ ದನಿಯನ್ನೂ ಹಾಗೇ ಮಾಡಿದೆ. ಭಾನುವಾರ ಮಾಸೂರಿನಲ್ಲಿ ಬೇರೆ ಒಬ್ಬರಿಗೂ ಗೊತ್ತಾಗಿರಲಿಲ್ಲ.

"ದನಿ ಬ್ಯಾರೆ ಆದ್ರೂ ತಡಕೋತಿದ್ದೆ" ಎಂದು ಆಕೆ ಬೋಗುಣಿಯನ್ನು ಬೋರಲು ಹಾಕಿದಳು. "ನಾ ಬೇಡಿಕೊಂಡಿಲ್ರಿ ಅಲ್ಲೆ. ನೀವು ಬೇಡಿಕೊಂಡೀರಿ. ತಪ್ಪು ತಿಳೀಬ್ಯಾಡ್ರಿ ಅಂತ ಅಳೂ ದನೀಲೆ ಅಂದೀರಿ. ನಾ ಆ ಮಾತು ಆಡೇ ಇಲ್ಲ."

"ಬರದದ್ದರಾಗ ಇತ್ತಲ್ರಿ?"

"ನೀವು ಬರದಿದ್ರಿ. ನಾ ಅನ್ನಲಿಲ್ಲ. ಏನ್ ತಪ್ಪೈತಿ ಅದರಾಗ, ತಪ್ಪು ತಿಳೀಬ್ಯಾಡ್ರಿ ಅನ್ನಾಕ? ನಮ್ಮ ಮಗಳು ನೋಡ್ತಾಳ ಇದನ್ನ. ಅವ್ವ ಹಿಂಗ ಅತಗೊಂತ ಹೇಳಿದ್ಲು ಅಂತ ತಿಳಕೋತಾಳ."

ನನಗೆ ಮತ್ತೆ ಸಿಟ್ಟು ಬಂತು, ಈ ಸಲ ಎತ್ತ ತಿರುಗಿಸುವುದು ತಿಳಿಯದ ಸಿಟ್ಟು. "ಭಾನುವಾರ ಎಲ್ಲಾರ ಮುಂದ ಹಂಗ ಅಂದು ಹೋಗೂದ? ನನ್ನ ಮುಂದ ಹೇಳಬಹುದಿತ್ತಲ್ರಿ" ಎಂದೆ.

ಆಕೆ ಮೊದಲ ಸಲ ನನ್ನ ಮುಖ ನೋಡಿದಳು. "ನೀವು ಚಾ ಹಿಡಕೊಂಡು ಬಾಗಲಾಗ ನಿಂತಿರ್ತೀರಿ ಅಕ್ಕಾರ. ನಕ್ಕೊಂತ ನಿಂತಿರ್ತೀರಿ. ಬ್ಯಾಡ ಅನ್ನೂದು ಅಷ್ಟು ಹಗೂರೈತೇನ್ರಿ?"

ನಾಲ್ಕು ಚಿತ್ರಗಳ ಎಲ್ಲ ಚಹದ ತಟ್ಟೆಗಳೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಪ್ರತಿ ಊರಿನಲ್ಲೂ ನಾನು ಬಾಗಿಲಲ್ಲೇ ನಿಂತಿದ್ದೆ. ಒಬ್ಬರೂ ಬೇಡ ಎನ್ನಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಗುರುವಾರ ಹಾನಗಲ್ಲಿಗೆ ಬಂದು ಆ ಮಾತುಗಳನ್ನು ನೀವೇ ಹೇಳುತ್ತೀರಾ ಎಂದು ಕೇಳಿದೆ. ಬೇಕಾದರೆ ನಾವೇ ಇಲ್ಲಿಗೆ ಬರುತ್ತೇವೆ, ಟೆಂಪೊ ತರುತ್ತೇವೆ ಎಂದೆ. "ನೀವು ಬರಬ್ಯಾಡ್ರಿ. ಬಂದ್ರ ನಾನ ಬರ್ತೇನಿ. ನೋಡ್ತೇನಿ" ಎಂದಳು. ಬರುತ್ತೇನೆ ಅನ್ನಲಿಲ್ಲ. ಬಸ್ ಹತ್ತುವಾಗ ಇನ್ನೊಮ್ಮೆ ಕೇಳಬೇಕು ಎನಿಸಿತು, ತುಟಿ ಕಚ್ಚಿಕೊಂಡೆ.

ಬುಧವಾರ ಬೆಳಿಗ್ಗೆ ಹಾನಗಲ್ಲಿನ ಕೋಣೆಯಲ್ಲಿ ಮೂವರೂ ಕೂತು ಅವತ್ತಿನ ಮೂಲ ಧ್ವನಿಯನ್ನು ಹಾಕಿ ಕೇಳಿದೆವು. ಸವಣೂರಿನವನು ಎಂಜಿನ್ನಿನ ಗದ್ದಲವನ್ನು ತನ್ನ ಕೈಲಾದಷ್ಟು ಇಳಿಸಿದ. ಆಗ ಕೆಳಗಿನಿಂದ ಆಕೆಯ ಮಾತು ಅರೆಬರೆಯಾಗಿ ಕೇಳಿಸಿತು. ಗಟ್ಟಿ ದನಿ, ಒಂದೇ ಮಟ್ಟದ್ದು. ಹೇಳಿ ಮುಗಿಸಿ ಸುಮ್ಮನಾಗಿದ್ದಳು. ನಾನು ಅಷ್ಟು ಸಲ ಆ ಚಿತ್ರವನ್ನು ನೋಡಿದ್ದೆ, ತುಟಿಗಳು ಅಲ್ಲಿಗೇ ನಿಂತದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆಕೆ ಆಡದ ಮಾತನ್ನು ಆಕೆ ಬೆನ್ನು ತಿರುಗಿಸಿದ ಮೇಲೆ ಸೇರಿಸಿದ್ದೆ. ಆ ಅಳುಕು ದನಿ ಎಲ್ಲಿಂದ ಬಂತು ಎಂದು ಯೋಚಿಸಿದರೆ ಉತ್ತರ ದೂರವಿರಲಿಲ್ಲ. ನಮ್ಮ ಪಡಸಾಲೆಯ ಕೆಳಗೆ ನಿಂತು ಮಾತಾಡುವವರ ದನಿ ಅದು. ಗದ್ದೆಯ ಹೆಂಗಸರಿಗೆ ಬೇರೆ ದನಿ ಇರುತ್ತದೆ ಎಂಬುದೇ ನನ್ನ ಕಿವಿಗೆ ಗೊತ್ತಿರಲಿಲ್ಲ. ನಮ್ಮ ಮಾತನ್ನು ಬೇರೆಯವರು ಹಂಗಿಸುತ್ತಾರೆ ಎಂದು ಕಂಪನಿ ಕಟ್ಟಿದವಳು ನಾನು.

ತಮ್ಮನೂ ತಣ್ಣಗಾದ. "ಬರ್ಲಿಲ್ಲ ಅಂದ್ರ?" ಎಂದ.

"ಬರ್ಲಿಲ್ಲ ಅಂದ್ರ ನೀ ಬೆಂಗಳೂರಿಗೆ ಹೋಗೂದಿಲ್ಲ" ಎಂದೆ. ಅವತ್ತೇ ಟಾಕೀಜಿನ ಮಾಲೀಕರು ಪೋಸ್ಟರು ಯಾವಾಗ ಕಳಿಸುತ್ತೀರಿ ಎಂದು ಫೋನ್ ಮಾಡಿದರು. ಶುಕ್ರವಾರ ಹೇಳುತ್ತೇನೆ ಎಂದು ಇಟ್ಟೆ.

ಗುರುವಾರ ಹತ್ತು ಗಂಟೆಯಿಂದ ಕಿಟಕಿಯಲ್ಲೇ ನಿಂತಿದ್ದೆ. ಹಿರೇಕೆರೂರಿನ ಕಡೆಯಿಂದ ಬರುವ ಒಂದೊಂದು ಬಸ್ಸಿನ ಹೊತ್ತೂ ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು. ಹನ್ನೊಂದರ ಬಸ್ಸಿನವರು ಬಂದು ಪೇಟೆಯಲ್ಲಿ ಚದುರಿದರು. ಹನ್ನೆರಡೂವರೆಯದು ಬಂತು. ಒಂದೂಮುಕ್ಕಾಲಿನದು ಬಂತು. ತಮ್ಮ ಊಟಕ್ಕೆ ಕರೆದರೆ ಅವನ ಮೇಲೇ ಹರಿಹಾಯ್ದೆ. ಐದಕ್ಕೆ ಅವನು ಹಾನಗಲ್ ಬಿಡದಿದ್ದರೆ ಶಿಗ್ಗಾಂವದ ಬಸ್ ಸಿಗುವುದಿಲ್ಲ. ಎರಡೂವರೆಯ ಹೊತ್ತಿಗೆ ನನ್ನ ಆಸೆ ಸತ್ತಿತ್ತು. ಚಿತ್ರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಹೇಗೆಂದು ಯೋಚಿಸುತ್ತಿದ್ದೆ.

ಮೂರೂಕಾಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. "ಅಡಿಗಿ ಮುಗಿಸಿ ಬರೂದರಾಗ ಹೊತ್ತಾತ್ರಿ. ತೊಳಿಯೂದನ್ನ ಜೋಡಿದಾಕಿಗೆ ಹೇಳಿ ಬಂದೇನಿ" ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ನೀರು ತಂದುಕೊಟ್ಟೆ.

ನಮ್ಮ ಧ್ವನಿಯ ಕೋಣೆ ಅಂದರೆ ಗೋಡೆಗೆಲ್ಲ ಕೌದಿ ಹೊಡೆದು, ಕಿಟಕಿಗೆ ಗಾದಿ ತುರುಕಿದ ಜಾಗ. ಫ್ಯಾನ್ ಹಾಕುವಂತಿಲ್ಲ. ಆಕೆ ಮೈಕಿನ ಮುಂದೆ ನಿಂತಳು. ಎದುರಿನ ಪರದೆಯಲ್ಲಿ ಬದುವಿನ ಮೇಲೆ ಆಕೆಯೇ ನಿಂತಿದ್ದಳು. ಸವಣೂರಿನವನು ಕೈ ಮಾಡಿದ. ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಗಡಿಯಾರದಲ್ಲಿ ನಾಲ್ಕು ಹತ್ತಿರವಾಗುತ್ತಿತ್ತು. ತಮ್ಮ ಬೆನ್ನಿಗೆ ಚೀಲ ಹಾಕಿಕೊಂಡೇ ಬಾಗಿಲ ಹತ್ತಿರ ನಿಂತಿದ್ದ.

"ಈ ಕಬ್ಬಿಣದ ಮುಂದ ಹೆಂಗ ಹೇಳ್ಲಿರಿ? ಅವತ್ತ ಕ್ಯಾಮೆರಾದ ಬಾಜೂಕ ನೀವು ನಿಂತಿದ್ರಿ. ನಿಮ್ಮ ಮಾರಿ ನೋಡಿ ಹೇಳಿದ್ದೆ" ಎಂದಳು. "ಇವತ್ತೂ ಅಲ್ಲೇ ನಿಂದರ್ರಿ."

ಹೋಗಿ ಆಕೆಯ ಎದುರಿಗೆ, ಮೈಕಿನ ಆಚೆ ನಿಂತೆ. ಮೂರು ಅಡಿ ದೂರ. ಆಕೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ನಾಳಿಯಿಂದ ನಾ ಬರೂದಿಲ್ಲ."

ಕೆಳಗೆ ಟ್ರ್ಯಾಕ್ಟರ್ ಹಾರ್ನ್ ಹೊಡೆದು ಅದು ಕೆಟ್ಟಿತು. ಮತ್ತೊಮ್ಮೆ ಹೇಳಿದಳು, ತುಟಿಗೆ ಸರಿಯಾಗಿ ಕೂತಿತು. ಸವಣೂರಿನವನು ಹೆಬ್ಬೆರಳು ಎತ್ತಿ, ಭದ್ರತೆಗೆ ಇನ್ನೊಂದು ಇರಲಿ ಎಂದು ಸನ್ನೆ ಮಾಡಿದ. ಮೂರನೆಯ ಸಲ.

"ನಾಳಿಯಿಂದ ನಾ ಬರೂದಿಲ್ಲ."

"ಯಾಕ? ಏನ್ ಧಾಡಿ ಬಂದೈತಿ ನಿನಗ?"

ಅದು ನನ್ನ ಬಾಯಿಂದ ಬಂದಿತ್ತು. ನಾನು ಆಡಬೇಕೆಂದು ಆಡಿದ್ದಲ್ಲ. ನನ್ನ ಅವ್ವನ ಮಾತು ಅದು, ದಿನಕ್ಕೆ ಹತ್ತು ಸಲ ಪಡಸಾಲೆಯಿಂದ ಕೇಳಿಸುತ್ತಿದ್ದ ಮಾತು. ಅವ್ವ ಕೆಟ್ಟವಳಾಗಿರಲಿಲ್ಲ. ಬಂದವರಿಗೆಲ್ಲ ಹೊಟ್ಟೆ ತುಂಬ ರೊಟ್ಟಿ ಕೊಡುತ್ತಿದ್ದಳು. ಆ ಮಾತನ್ನೂ ಹಾಗೇ ಕೊಡುತ್ತಿದ್ದಳು. ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು, ದನಿ ಮಾತ್ರ ನನ್ನ ಗಂಟಲಲ್ಲಿ ಕೂತಿತ್ತು.

ಆಕೆ ರೆಪ್ಪೆ ಅಲುಗಿಸಲಿಲ್ಲ.

"ಧಾಡಿ ಏನಿಲ್ಲ. ಬರೂದಿಲ್ಲ, ಅಷ್ಟ."

ಸವಣೂರಿನವನು ಕಿವಿಯ ಹೆಡ್‌ಫೋನು ತೆಗೆದು ನೆಲ ನೋಡಿದ. ತಮ್ಮ ಬಂದು ಸುಮ್ಮನೆ ಆ ತುಣುಕನ್ನು ಚಿತ್ರಕ್ಕೆ ಕೂಡಿಸಿದ. ಪರದೆಯ ಮೇಲೆ ಆಕೆ ಹೇಳಿ ಬೆನ್ನು ತಿರುಗಿಸಿ ಬದುವಿನ ಗುಂಟ ನಡೆಯುವಲ್ಲಿ ಹಿಂದಿನಿಂದ ನನ್ನ ದನಿ ಬಂತು. ಆಕೆ ನಡೆಯುತ್ತಲೇ, ತಿರುಗಿ ನೋಡದೆ, ಉತ್ತರ ಕೊಟ್ಟಳು. ಬೆನ್ನು ತಿರುಗಿದ್ದರಿಂದ ತುಟಿಯ ತೊಂದರೆಯೂ ಇರಲಿಲ್ಲ.

"ಇದು ಖರೇ ಆಗೇತಿ" ಎಂದಳು ಆಕೆ. "ಆದ್ರ ಎರಡನೇ ಸಲದ್ದು ಅಷ್ಟ ಹಾಕಿದ್ರೂ ನಾ ಬ್ಯಾಡ ಅನ್ನೂದಿಲ್ಲ. ನಾ ಇದರಾಗ ಇರ್ತೇನಿ."

ಅಂದರೆ ಚಿತ್ರ ಉಳಿದಿತ್ತು. ನನಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಸವಣೂರಿನವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅಕ್ಕಾರ, ನಿಮ್ಮನ್ನೂ ಕೇಳಬೇಕಾಗ್ತೇತ್ರಿ. ಮೂರನೇದು ಹಾಕಿದ್ರ ನಿಮ್ಮ ದನಿ ಇರ್ತೇತಿ. ಇರ್ಲೋ, ತಗೀಲೋ?"

ನಾನು ಉತ್ತರ ಹುಡುಕುವಷ್ಟರಲ್ಲಿ ಆಕೆ ಅವರಿಬ್ಬರನ್ನೂ ಕರೆದಳು. "ಬರ್ರಿ, ನಾವು ಹೊರಗ ಹೋಗೂನು. ಅವರು ಒಬ್ರ ಕೇಳಲಿ" ಎಂದು ಬಾಗಿಲು ಮುಂದೆ ಮಾಡಿಕೊಂಡು ಮೆಟ್ಟಿಲಿನವರೆಗೂ ಇಳಿದುಹೋದಳು. ನನ್ನ ಹತ್ತು ವರ್ಷದ ನಿಯಮದಲ್ಲಿ ಹೀಗೆ ಕೇಳುವವರನ್ನು ಬಿಟ್ಟು ಹೊರಗೆ ಹೋಗುವುದೊಂದು ನನಗೆ ಹೊಳೆದಿರಲಿಲ್ಲ.

ಹೆಡ್‌ಫೋನು ಹಾಕಿಕೊಂಡು ಕೇಳಿದೆ. ತೆಗೆದುಬಿಡಬೇಕು ಎನಿಸಿತು. ಹಾನಗಲ್ಲಿನಲ್ಲಿ, ಶಿಗ್ಗಾಂವದಲ್ಲಿ ನನ್ನ ದನಿ ಗುರುತಿರುವವರು ನೂರಾರು ಜನ. ತವರಿನವರು ಬರುತ್ತಾರೆ, ಅಣ್ಣಂದಿರು ಮೊದಲ ಸಾಲಿನಲ್ಲಿ ಕೂರುತ್ತಾರೆ. ಗೌಡಶಾನಿ ಮೌನವಾಗಿರಲಿ ಎಂದು ನಾನು ಹಟ ಹಿಡಿದದ್ದು ಯಾಕೆಂದು ಆಗ ತಿಳಿಯಿತು. ಗೌಡಶಾನಿಗೆ ಬಾಯಿ ಕೊಟ್ಟಿದ್ದರೆ ನಮ್ಮ ಮನೆಯ ಮಾತೇ ಹೊರಬರುತ್ತಿತ್ತು. ನಮ್ಮವರನ್ನು ಚೊಕ್ಕವಾಗಿಟ್ಟು, ಅಳುವ ದನಿಯನ್ನು ಮಾಸೂರಿನ ಆಕೆಗೆ ಹಚ್ಚಿದ್ದೆ. ಇನ್ನೂ ಎರಡು ಸಲ ಕೇಳಿದೆ. ಮೈ ಬೆವತು ಹೋಗಿತ್ತು. ಗಡಿಯಾರದಲ್ಲಿ ನಾಲ್ಕೂಮುಕ್ಕಾಲು.

ಬಾಗಿಲು ತೆರೆದು "ಇರ್ಲಿ" ಎಂದೆ. ತಮ್ಮ ಡಿಸ್ಕಿಗೆ ಇಳಿಸಿಕೊಂಡು ಓಡಿದ. ಆಕೆ ಸಂಜೆಯ ಬಸ್ಸಿಗೆ ಮಾಸೂರಿಗೆ ಹೋದಳು. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದೆ.

ಶಿಗ್ಗಾಂವದಲ್ಲಿ ಮೊದಲ ಆಟಕ್ಕೆ ಟಾಕೀಜು ಮುಕ್ಕಾಲು ತುಂಬಿತ್ತು. ಆಕೆ ಮಗಳನ್ನು ಕರೆದುಕೊಂಡು ಬಂದಿದ್ದಳು, ನನಗಿಂತ ನಾಲ್ಕು ಸಾಲು ಮುಂದೆ ಕೂತಿದ್ದಳು. ಬದುವಿನ ದೃಶ್ಯ ಬಂತು. ಆಕೆಯ ಮಾತು ಇಡೀ ಟಾಕೀಜಿಗೆ ಸ್ಪಷ್ಟವಾಗಿ ಕೇಳಿಸಿತು. ಹಿಂದೆಯೇ ನನ್ನದೂ ಕೇಳಿಸಿತು, ಅಷ್ಟು ದೊಡ್ಡ ಸೌಂಡ್ ಪೆಟ್ಟಿಗೆಗಳಲ್ಲಿ, ಎರಡೂ ಬದಿಯ ಗೋಡೆಯಿಂದ. ನನ್ನ ಬೆನ್ನ ಹಿಂದಿನ ಸಾಲಿನಲ್ಲಿ ಕಾಳು ಹಸನು ಮಾಡುವ ಕೆಲಸಕ್ಕೆ ಹೋಗುವ ಹೆಂಗಸರು ಕೂತಿದ್ದರು. ಅವರಲ್ಲೊಬ್ಬಳು ಪಕ್ಕದವಳಿಗೆ, "ಥೇಟ್ ಹಿಂಗ ಅಂತಾರ ನೋಡ. ಯಾರ ಮಾಡ್ಯಾರೋ ಏನೋ, ಗೌಡಶಾನಿ ಪಾರ್ಟ್ ಭಾಳ ಚಲೋ ಮಾಡ್ಯಾರ" ಎಂದಳು.

ಅದು ಪಾರ್ಟ್ ಅಲ್ಲ ಎಂದು ತಿರುಗಿ ಹೇಳುವ ಧೈರ್ಯ ನನಗಾಗಲಿಲ್ಲ.